ಚೀಲದ ಬಾಯಿ

ಕಪನೂರಿನ ಬ್ಯಾಳಿ ಮಿಲ್ಲಿನಾಗ
ನಾನು ಚೀಲದ ಬಾಯಿ ಹೊಲಿಯಾಕಿ.
ದಬ್ಬಣ ನಂದು, ಸುತಳಿ ಮಾಲಕರದು.
ಹದಿನಾಲ್ಕು ವರ್ಷ ಆತು.
ಯಾವ ಚೀಲ ಹರದದ, ಯಾವುದು ಬರೇ ಹೊಲಸಾಗ್ಯದ
ಕತ್ತಲಾಗ ಕೈ ಆಡಿಸಿ ಹೇಳ್ತೀನಿ.

ಎಳ್ಳ ಅಮಾಸಿ ಮುಂದ ಕಿಬ್ಬೊಟ್ಟಿ ಹಿಡೀತು.
ಬಿಳಿಸೆರಗು, ಒಂಥರಾ ವಾಸನಿ.
ಇದು ಹೇಳೋ ಮಾತಲ್ಲ ಅಂತ ಅವ್ವ ಕಲಿಸಿದ್ದು.
ಮೂರು ತಿಂಗಳು
ನನ್ನ ಬಾಯಿ ನಾನೇ ಹೊಲಕೊಂಡು ಕುಂತೆ.

ಆಮ್ಯಾಲ ಬಸ್ ಸ್ಟ್ಯಾಂಡಿನ ಹಿಂದಿನ ಖಾಸಗಿ ದವಾಖಾನಿ.
ಡಾಕ್ಟರ ಹೊಟ್ಟಿ ಮುಟ್ಟಲಿಲ್ಲ,
ಸ್ಕ್ಯಾನಿಂಗಿನ ಕರಿ ಕಾಗದ ಬೆಳಕಿಗಿ ಹಿಡದ:
"ಚೀಲ ಕೆಟ್ಟದವ್ವ, ತೆಗಸಿಬಿಡು.
ಬಿಟ್ರ ಕ್ಯಾನ್ಸರ್ ಆಗ್ತದ.
ನಲವತ್ತು ಸಾವಿರ.
ಗಂಡನ್ನ ಕರಕೊಂಡು ಬಾ, ಸಹಿಗಿ."

ಚೀಲ ಅಂದಕೂಡಲೇ ನನಗ ಕಂಡದ್ದು
ಐವತ್ತು ಕಿಲೋದ ಗೋಣಿ,
ನನ್ನೊಳಗ ಹೊಲಿಗಿ ಬಿಚ್ಚಿ ಕುಂತಂಗ.

ನಮ್ಮ ಓಣ್ಯಾಗ ಇದು ಹೊಸದಲ್ಲ.
ಸೋನಾಬಾಯಿದು ತೆಗದಾರ, ಕಿವಿಯ ಬಂಗಾರ ಹೋತು.
ಖಾಜಾಬಿದು ತೆಗದಾರ, ಗಂಡನ ಆಟೋ ಹೋತು.
ನಮ್ಮ ನೆಗೆಣ್ಣಿ ಅಂಬವ್ವಗ ಆವಾಗ ಇಪ್ಪತ್ತೊಂಬತ್ತು.
ಮುಟ್ಟಿಲ್ಲ, ತಕರಾರಿಲ್ಲ, ಆರಾಮ ಇದ್ದೀನಿ ಅಂತಾಳ.
ನಡುರಾತ್ರಿ ಥಂಡ್ಯಾಗ ಬೆವತು ಎದ್ದು
ಅಂಗಳದ ಶಹಾಬಾದಿ ಫರಸಿ ಮ್ಯಾಲ
ಕುಬಸದ ಗುಂಡಿ ಬಿಚ್ಚಿ ಮಲಗತಾಳ.
ಕಲ್ಲು ತಣ್ಣಗದ ಅಂತ.

ಆಶಾ ಕೆಲಸದ ಶೇವಂತಾ ಬಂದು ಅಂದಳು,
ಒಂದು ಸಲ ಸರಕಾರಿಗಿ ತೋರಸು.
ಗಂಡ ಅಂದ, ಒಂದು ದಿನದ ಪಗಾರ ಹೋಗ್ತದ.
ನಾನಂದೆ, ನಲವತ್ತು ಸಾವಿರ ಅಂದ್ರ ಎಷ್ಟು ದಿನದ ಪಗಾರ, ಎಣಸು.
ಅಂವ ಎಣಸಲಿಲ್ಲ.
ದಿನಕ್ಕ ಮುನ್ನೂರರಂಗ ನಾನೇ ಎಣಸಿದೆ:
ನೂರಾ ಮೂವತ್ತಮೂರು ದಿನ,
ಮ್ಯಾಲ ಒಂದು ನೂರು ಬಾಕಿ.

ಎಂಬತ್ತಾರನೇ ನಂಬರಿನ ಚೀಟಿ.
ಒಳಗ ಸಣ್ಣ ವಯಸ್ಸಿನ ಡಾಕ್ಟರಮ್ಮ, ಔರಾದ ಕಡೆ ಮಾತು.
"ನೋಡಲೇನ್ರಿ?" ಅಂತ ಕೇಳಿದಳು, ನನ್ನನ್ನ,
ನನ್ನ ಮೈ ನೋಡಾಕ ನನ್ನನ್ನ.
ಹಿಂದ ಯಾರು ಕೇಳಿದ್ರು, ನೆನಪ ಮಾಡ್ಕೊಂಡೆ.
ಸಿಗಲಿಲ್ಲ.

ಚೀಟಿ ಹಿಂದ ಚಿತ್ರ ತೆಗದಳು:
ಬೋರಲು ಹಾಕಿದ ಬದನಿಕಾಯಿ, ಅದಕ್ಕ ಎರಡು ಕೈ.
ಎಷ್ಟು ದೊಡ್ಡದದ ಅಂತ ಕೇಳಿದೆ.
ನನ್ನ ಕೈ ಹಿಡದು ಮುಷ್ಟಿ ಮಾಡಿಸಿದಳು.
"ಇಷ್ಟ ಅದ."

ಇಷ್ಟಾ?
ಮೂರು ಮಕ್ಕಳು ಇದರಾಗೇ ಕಾಲು ಚಾಚಿದ್ವಾ?
ಅತ್ತಿ ಬೈಗಳ, ಗಂಡು ಬೇಕು ಅನ್ನೋ ಹಟ,
ಮುಟ್ಟಬ್ಯಾಡ, ಹೊರಗ ಕೂಡು,
ಎಲ್ಲಾ ಇಷ್ಟರಾಗ ಹ್ಯಾಂಗ ಹಿಡೀತು?
ನಗು ಬಂತು.
ಅಳೂನೂ ಬಂತು, ಅದು ಬ್ಯಾರೆ ಮಾತು.

ನಂಜು ಅಷ್ಟೇ ಅಂದಳು. ಹದಿನಾಲ್ಕು ದಿನದ ಗೋಳಿ.
ಗಂಡನಿಗೂ ಬರದಳು.
ಅಂವ ನುಂಗುವಾಗ ಎದುರಿಗೆ ಕುಂತು
ನಾಲಿಗಿ ಎತ್ತಿ ತೋರಸು ಅಂದೆ.
ಕ್ಯಾನ್ಸರ್ ತಪಾಸಣಿನೂ ಮಾಡ್ಯಾರ,
ಇಲ್ಲ ಅಂತ ಬರದ ಕಾಗದ
ರೇಷನ್ ಕಾರ್ಡಿನ ಜೋಡಿ ಇಟ್ಟೀನಿ.

ಮೊನ್ನೆ ಊಟದ ಹೊತ್ತಿನಾಗ
ಹೊಸ ಹುಡುಗಿ ನಾಗೂಬಾಯಿ ಹೊಟ್ಟಿ ಹಿಡಕೊಂಡು
ತೊಗರಿ ಚೀಲಕ್ಕ ಆನಕೊಂಡು ಕುಂತಿದ್ದಳು.
ದಬ್ಬಣ ಕೆಳಗಿಟ್ಟೆ.
ಇಲ್ಲಿ ನೋಡು, ಮುಷ್ಟಿ ಹಿಡಿ, ಅಂದೆ.

ಅದನ್ನ ರಾತ್ರಿ ಅಂಬವ್ವಗ ಹೇಳಿದೆ. ಹೇಳಬಾರದಿತ್ತು.
ಅಕಿ ಫರಸಿ ಮ್ಯಾಲ ಮಲಕೊಂಡೇ
ತನ್ನ ಮುಷ್ಟಿ ಮಾಡಿ, ತಿರುವಿ ತಿರುವಿ ನೋಡಿದಳು.
ದನಿಯಾಗ ಹೊಟ್ಟಿಕಿಚ್ಚು ಇದ್ದಿದ್ರ ತಡಕೊಂತಿದ್ದೆ.
"ಅಕ್ಕಾ, ನಂದೂ ಬರೇ ಹೊಲಸಾಗಿತ್ತೇನು?"

ಕತ್ತಲಾಗ ಕೈ ಆಡಿಸಿ ಹೇಳಾಕಿ ನಾನು.
ಹೇಳಲಿಲ್ಲ.
ಕಲ್ಲಿನ ಮ್ಯಾಲ ಅಕಿ ಬಾಜೂಕ ಮಲಗಿದೆ.